ಐದೂವರೆ ಗಂಟೆ

ಮೂರು ವರ್ಷಗಳಲ್ಲಿ ಸೇವಂತಿಯನ್ನು ನೋಡಲು ಬಂದದ್ದು ನಾಲ್ಕೇ ನಾಲ್ಕು ಗಂಡುಗಳು. ಆ ನಾಲ್ವರಲ್ಲಿ ಒಬ್ಬನಿಗೂ ತಂದೆ ಇರಲಿಲ್ಲ. ಇದನ್ನು ಯಾರೂ ಗಮನಿಸಲಿಲ್ಲ. ಗಮನಿಸಬೇಕಾಗಿದ್ದವಳು ತಂಗಿ ಜ್ಯೋತ್ಸ್ನಾ. ಎಲ್ಲಿ ಏನು ಎಡವಟ್ಟಾಗಿದೆ ಎಂದು ಹುಡುಕುವುದಕ್ಕೇ ಪವಾಯಿಯ ಕಂಪನಿಯೊಂದು ಅವಳಿಗೆ ಸಂಬಳ ಕೊಡುತ್ತಿತ್ತು. ಆದರೆ ಸಯನ್ನಿನ ಮನೆಗೆ ಬಂದೊಡನೆ ಅವಳ ಬುದ್ಧಿ ಚಪ್ಪಲಿಯ ಜೊತೆ ಬಾಗಿಲಾಚೆಯೇ ಉಳಿಯುತ್ತಿತ್ತು ಅಂತ ಕಾಣುತ್ತದೆ.

ನಾಲ್ಕನೆಯವನು ಮುಲುಂಡಿನ ಶೇಖರ. ನಲವತ್ತೇಳು ವರ್ಷ, ಮೊದಲ ಹೆಂಡತಿ ತೀರಿಕೊಂಡು ಎರಡು ವರ್ಷ. ಮೊಣಕಾಲು ಹಿಡಿದು ಆಸರೆಯಿಲ್ಲದೆ ಕುರ್ಚಿಯಿಂದ ಏಳಲಾರದ ತಾಯಿಯನ್ನು ನೋಡಿಕೊಳ್ಳಲು ಮನೆಯಲ್ಲಿ ಒಂದು ಹೆಣ್ಣು ಬೇಕಿತ್ತು. ಸೇವಂತಿ ಹದಿನಾಲ್ಕು ವರ್ಷದಿಂದ ಮಾಡುತ್ತಿದ್ದ ಲ್ಯಾಬಿನ ಕೆಲಸ ಬಿಡಬೇಕು ಎಂಬುದು ಅವರ ಒಂದೇ ಷರತ್ತು. ಸೇವಂತಿ ಒಪ್ಪಿದಳು. ಮೂವತ್ತೇಳು ವರ್ಷವಾಗಿತ್ತು, ಕಾದು ಕಾದು ಸೋತಿದ್ದಳು. ಮುಂದಿನ ಭಾನುವಾರ ನಿಶ್ಚಿತಾರ್ಥ ಎಂದು ಮಾತಾಯಿತು. ಅಪ್ಪ ಚೆನ್ನಯ ಎಲ್ಲರಿಗೂ ಎರಡನೇ ಸಲ ಚಹಾ ಕೊಡಿಸಿದರು.

ಆ ಚಹಾ ಕುಡಿಯುತ್ತಲೇ ಶೇಖರನ ತಾಯಿ ಬಹಳ ದೊಡ್ಡ ಮನಸ್ಸಿನವರ ಹಾಗೆ ಹೇಳಿದರು. "ನಾವು ಮೊದಲು ನಮ್ಮ ಸಂಘದ ವಧೂವರ ವೆಬ್‌ಸೈಟಿನಲ್ಲಿ ಮೂಲಾ, ಆಶ್ಲೇಷಾ ಬೇಡ ಅಂತ ಟಿಕ್ ಹಾಕಿದ್ದು. ಒಂದೂ ಸರಿ ಬರ್ಲಿಲ್ಲ. ಮತ್ತೆ ಇವನೇ ಹೇಳಿದ, ಅಪ್ಪ ಹೋಗಿ ವರ್ಷ ಹದಿನಾಲ್ಕಾಯ್ತಲ್ಲ, ಇನ್ನು ಮೂಲಾ ಆದ್ರೆ ನಮಗೆಂತ ಅಂತ. ಮೂಲಾದ ಟಿಕ್ ತೆಗ್ದದ್ದೇ ನಿಮ್ಮ ಹುಡುಗಿ ಬಂದ್ಲು ನೋಡಿ."

ಮೂಲಾ ನಕ್ಷತ್ರದ ಹುಡುಗಿ ಬಂದರೆ ಮಾವನಿಗೆ ಕೇಡು, ಆಶ್ಲೇಷಾ ಆದರೆ ಅತ್ತೆಗೆ ಕೇಡು ಎನ್ನುವುದು ಜನರ ನಂಬಿಕೆ. ಮಾವನೇ ಇಲ್ಲದ ಮನೆಗೆ ಮೂಲಾದವಳು ಧಾರಾಳವಾಗಿ ಬರಬಹುದು.

"ಮೂಲಾ ಎಲ್ಲಿಂದ? ನಮ್ಮ ಸೇವಂತಿದು ಪೂರ್ವಾಷಾಢ" ಎಂದರು ಚೆನ್ನಯ.

"ಇರ್ಲಿ ಬಿಡಿ. ಒಪ್ಪಿ ಆದ ಮೇಲೆ ಇನ್ನು ಮುಚ್ಚಿಡುದೆಂತಕ್ಕೆ? ಕಂಪ್ಯೂಟರ್ ಸುಳ್ಳು ಹೇಳ್ತದಾ?"

ಚೆನ್ನಯ ಮೂವತ್ತೈದು ವರ್ಷ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಎಂಥೆಂಥ ಗಿರಾಕಿಗಳನ್ನೋ ಸಹಿಸಿದ್ದವರು. ಈ ಮಾತನ್ನೂ ಸಹಿಸಿಕೊಂಡರು. ಮಗಳ ಮದುವೆ ನೋಡಿ! ಗಂಡಿನ ಕಡೆಯವರು ಹೋದ ಮೇಲೆ ಸೇವಂತಿ ಕಪ್ಪುಗಳನ್ನು ತೊಳೆಯುತ್ತಾ, ಬೆನ್ನು ತಿರುಗಿಸಿಕೊಂಡೇ ತಂಗಿಯನ್ನು ಕೇಳಿದಳು. "ಅಮ್ಮ ಜಾತಕದಲ್ಲಿ ನನ್ನ ನಕ್ಷತ್ರ ಬದಲು ಮಾಡಿ ಬರೆಸಿದ್ದಾ ಹೇಗೆ? ನನಗೆ ತೊಂದರೆ ಆಗ್ಬಾರ್ದು ಅಂತ?" ಸತ್ತು ಎಂಟು ವರ್ಷವಾದ ತಾಯಿಯ ಮೇಲೆ ಮಗಳಿಗೆ ಅನುಮಾನ ಬಂದಿತ್ತು. ಜ್ಯೋತ್ಸ್ನಾಳ ಅನುಮಾನ ಬೇರೆ ಕಡೆ ಹೋಯಿತು. ಯಾಕೆಂದರೆ ಆ ವೆಬ್‌ಸೈಟನ್ನು ಮಾಡಿದವಳು ಅವಳೇ.

ಅದು ಅವಳು ಪುಕ್ಕಟೆ ಮಾಡಿಕೊಟ್ಟ ಕೆಲಸ. ಸಂಘದ ವಧೂವರ ವಿಭಾಗದ ಕಾರ್ಯದರ್ಶಿ ಧನರಾಜ್ ಸಯನ್ನಿನಲ್ಲಿ ಎರಡು ಹೋಟೆಲಿನ ಯಜಮಾನ, ಚೆನ್ನಯರಿಗೆ ಕೊನೆಯ ಹತ್ತು ವರ್ಷ ಕೆಲಸ ಕೊಟ್ಟಿದ್ದವರು. "ನಮ್ಮ ಹುಡುಗಿ ಇಂಜಿನಿಯರ್ ಇರುವಾಗ ಹೊರಗಿನವರು ಯಾಕೆ?" ಎಂದು ಅವರು ಕೇಳಿದರೆ ಇಲ್ಲವೆನ್ನುವುದು ಹೇಗೆ? ಅವರೇ ಒಂದು ತಕರಾರನ್ನೂ ತಂದರು. ಜನ ಫಾರಂ ತುಂಬುವಾಗ ನಕ್ಷತ್ರದ ಬಗ್ಗೆ ಸುಳ್ಳು ಬರೆಯುತ್ತಾರೆ, ಮೂಲಾ ಇದ್ದವರು ಬೇರೇನೋ ಹಾಕುತ್ತಾರೆ, ಆಮೇಲೆ ಜಗಳ ಸಮಿತಿಯ ಬಾಗಿಲಿಗೆ ಬರುತ್ತದೆ.

"ಅವರು ಬರೆದದ್ದನ್ನು ನಂಬುದೇ ಬೇಡ ಧನರಾಜಣ್ಣ" ಎಂದು ಜ್ಯೋತ್ಸ್ನಾ ಆಗ ಅಧಿಕಾರದಿಂದ ಹೇಳಿದ್ದಳು. "ಹುಟ್ಟಿದ ದಿನ, ಹೊತ್ತು, ಊರು ಮಾತ್ರ ತೆಗೊಳ್ಳುವಾ. ನಕ್ಷತ್ರ ಸರ್ವರೇ ಲೆಕ್ಕ ಹಾಕ್ತದೆ. ಯಾರಿಗೂ ತೋರಿಸುದಿಲ್ಲ. ಬೇಡ ಅಂದವರ ಪಟ್ಟಿಯಲ್ಲಿ ಬರುದಿಲ್ಲ, ಅಷ್ಟೆ."

ಆಫೀಸಿನಲ್ಲಿ ಹೊಸಬರು ಸೇರಿದಾಗಲೆಲ್ಲ ಅವಳು ಇದನ್ನೇ ಪಾಠ ಮಾಡುತ್ತಿದ್ದಳು. ಹೊರಗಿನಿಂದ ಬಂದದ್ದು ಯಾವುದನ್ನೂ ನಂಬಬೇಡಿ, ಎಲ್ಲವನ್ನೂ ಸರ್ವರಿನಲ್ಲಿ ಇನ್ನೊಮ್ಮೆ ಪರೀಕ್ಷಿಸಿ. ಒಂದು ದೇಶದ ಸಮಯವನ್ನು ಇನ್ನೊಂದು ದೇಶದ್ದಕ್ಕೆ ಒಂದೇ ಜಾಗದಲ್ಲಿ, ಒಂದೇ ಸಲ ಬದಲಿಸಿ. ನಡುವಿನ ಸಂಖ್ಯೆ ಹಾಕಿ ನೋಡಿ ಖುಷಿಪಡಬೇಡಿ, ಗಡಿಯಲ್ಲಿರುವುದನ್ನು ಹಾಕಿ ನೋಡಿ, ತಪ್ಪುಗಳ ವಾಸ ಗಡಿಯಲ್ಲಿ. ಕೇಳಿದವರು ತಲೆದೂಗುತ್ತಿದ್ದರು. ತಾನು ಹೇಳಿದ್ದನ್ನು ತಾನೇ ಮಾಡಬೇಕಾದ ಪ್ರಸಂಗ ಬಂದಾಗ ಮಾತ್ರ ಅಮ್ಮಾವರು ಬೇರೆಯೇ ಮನುಷ್ಯರಾದರು.

ನಕ್ಷತ್ರ, ಕೂಡಾವಳಿ, ದೋಷ ಎಂದರೆ ಅವಳಿಗೆ ನಗು. ನಗುವ ಹಕ್ಕು ಎಲ್ಲರಿಗೂ ಇದೆ, ಬೇಡವೆನ್ನುವವರು ಯಾರು? ಆದರೆ ನಕ್ಷತ್ರ ಲೆಕ್ಕ ಹಾಕುವ ಕೋಡಿನ ತುಂಡು ಬರೆಯುವಾಗಲೂ ಅವಳು ನಗುತ್ತಲೇ ಇದ್ದಳು. ಒಂದು ಭಾನುವಾರ ಮಧ್ಯಾಹ್ನ, ಕಿವಿಗೆ ಹಾಡು ಹಾಕಿಕೊಂಡು ಬರೆದಳು. ಪರೀಕ್ಷೆಗೆ ಒಂದೇ ಒಂದು ಜನ್ಮದಿನ ಹಾಕಿದಳು, ತನ್ನದು. ರೋಹಿಣಿ ಎಂದು ಬಂತು. ಸರಿಯಾಗಿಯೇ ಇತ್ತು. ಸಾಕು ಎಂದು ಮುಚ್ಚಿದಳು. ಮಾರನೆಯ ದಿನ ಅಕ್ಕನ ವಿವರಗಳನ್ನು ತಾನೇ ಕೂತು ತುಂಬಿಸಿದಳು. ಆಗ ಸೇವಂತಿಗೆ ಮೂವತ್ತನಾಲ್ಕು.

ಶೇಖರನ ಮನೆಯವರು ಬಂದು ಹೋದ ಮರುದಿನ, ಸೋಮವಾರ, ಜ್ಯೋತ್ಸ್ನಾ ಆಫೀಸಿನ ಕೆಲಸ ಬದಿಗಿಟ್ಟು ಮೂರು ವರ್ಷದ ಹಿಂದಿನ ಆ ತುಂಡನ್ನು ತೆರೆದಳು. ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಫಾರಂನಲ್ಲಿ ತುಂಬಿದ ಜನ್ಮಸಮಯ ಮೊಬೈಲಿನಿಂದ ಹೊರಡುವಾಗಲೇ ಗ್ರೀನಿಚ್ ಸಮಯಕ್ಕೆ ಬದಲಾಗುತ್ತಿತ್ತು, ಅಂದರೆ ಐದೂವರೆ ಗಂಟೆ ಹಿಂದಕ್ಕೆ. ಲೆಕ್ಕಕ್ಕೆ ಬೇಕಾದದ್ದೂ ಗ್ರೀನಿಚ್ ಸಮಯವೇ, ಅಲ್ಲಿಗೆ ನಿಂತಿದ್ದರೆ ಸರಿಯಿತ್ತು. ಸರ್ವರ್ ಅದನ್ನು ಭಾರತದ ಸಮಯವೆಂದು ತಿಳಿದು ಇನ್ನೊಂದು ಸಲ ಐದೂವರೆ ಗಂಟೆ ಹಿಂದಕ್ಕೆ ದೂಡುತ್ತಿತ್ತು. ನಕ್ಷತ್ರದ ಲೆಕ್ಕ ನಡೆಯುತ್ತಿದ್ದದ್ದು ಈ ಎರಡನೇ ಸಲ ದೂಡಿದ ಸಮಯಕ್ಕೆ. ವಿವರಗಳನ್ನು ಮತ್ತೆ ತೆರೆಯಲ್ಲಿ ತೋರಿಸುವಾಗ ಎರಡು ಸಲವೂ ಕೂಡಿಸಿ ತೋರಿಸುತ್ತಿದ್ದುದರಿಂದ ನೋಡಿದವರಿಗೆ ಜನ್ಮಸಮಯ ಸರಿಯಾಗಿಯೇ ಕಾಣುತ್ತಿತ್ತು. ಹೋಗುವಾಗ ತಪ್ಪು, ಬರುವಾಗ ತಪ್ಪು, ಎರಡೂ ಸೇರಿ ಮೇಲುನೋಟಕ್ಕೆ ಸರಿ. ಯಾರಿಗೂ ಗೊತ್ತಾಗುವ ಹಾಗೇ ಇರಲಿಲ್ಲ.

ಚಂದ್ರ ಒಂದು ನಕ್ಷತ್ರದಲ್ಲಿ ಹೆಚ್ಚುಕಡಿಮೆ ಒಂದು ದಿನ ಇರುತ್ತಾನೆ. ನಕ್ಷತ್ರದ ನಡುವೆ ಹುಟ್ಟಿದವರಿಗೆ ಈ ಐದೂವರೆ ಗಂಟೆಯಿಂದ ಏನೂ ಆಗಲಿಲ್ಲ. ನಕ್ಷತ್ರ ಶುರುವಾದ ಸ್ವಲ್ಪ ಹೊತ್ತಿಗೆ ಹುಟ್ಟಿದವರು ಮಾತ್ರ ಹಿಂದಿನ ನಕ್ಷತ್ರಕ್ಕೆ ಜಾರಿದರು. ಸೇವಂತಿ ಪೂರ್ವಾಷಾಢ ಶುರುವಾಗಿ ಮೂರು ಗಂಟೆಗೆ ಹುಟ್ಟಿದವಳು. ಅದರ ಹಿಂದಿನದು ಮೂಲಾ.

ಜ್ಯೋತ್ಸ್ನಾ ಪಟ್ಟಿಯನ್ನು ತೆಗೆದಳು. ಮೂರು ಸಾವಿರದ ಏಳುನೂರು ಹುಡುಗಿಯರಲ್ಲಿ ಮೂಲಾ ಆಶ್ಲೇಷಾ ಅಲ್ಲದೆಯೂ ಹಾಗೆಂದು ದಾಖಲಾದವರು ಅರುವತ್ತಮೂರು ಮಂದಿ. ಮೂವರಲ್ಲಿ ಇಬ್ಬರು ಗಂಡಿನ ಕಡೆಯವರು ಆ ಟಿಕ್ ಹಾಕುತ್ತಿದ್ದರು. ಆ ಮನೆಗಳ ಮಟ್ಟಿಗೆ ಈ ಅರುವತ್ತಮೂರು ಹುಡುಗಿಯರು ಹುಟ್ಟಿಯೇ ಇರಲಿಲ್ಲ. ಬೇಡವೆಂದು ಯಾರಾದರೂ ಹೇಳಿದ್ದರೆ ಯಾಕೆಂದು ಕೇಳಬಹುದಿತ್ತು. ಯಾರೂ ಬೇಡವೆನ್ನಲಿಲ್ಲ, ಸುಮ್ಮನೆ ಯಾರೂ ಬರಲಿಲ್ಲ. ಬಣ್ಣ ಕಡಿಮೆಯಾಯಿತೇನೋ, ಎತ್ತರ ಹೆಚ್ಚಾಯಿತೇನೋ ಎಂದು ಸೇವಂತಿ ಮೂರು ವರ್ಷ ಕನ್ನಡಿಯ ಮುಂದೆ ನಿಂತದ್ದನ್ನು ಜ್ಯೋತ್ಸ್ನಾ ಕಣ್ಣಾರೆ ಕಂಡಿದ್ದಳು. ಫೋಟೊ ಮೂರು ಸಲ ಬದಲಿಸಿದ್ದಳು. ಆ ಫೋಟೊಗಳನ್ನು ತೆಗೆದುಕೊಟ್ಟದ್ದೂ ಇವಳೇ.

ಅದರ ಜೊತೆ ಇನ್ನೊಂದು ಪಟ್ಟಿಯೂ ಬಂತು, ಉಲ್ಟಾ. ನಿಜವಾಗಿ ಮೂಲಾ ಶುರುವಿನಲ್ಲಿ ಹುಟ್ಟಿ, ಲೆಕ್ಕದಲ್ಲಿ ಜ್ಯೇಷ್ಠಾಕ್ಕೆ ಜಾರಿ ಬಚಾವಾದವರು. ಅವರಲ್ಲಿ ಅರ್ಧಕ್ಕರ್ಧ ಮದುವೆಯಾಗಿ ಮಕ್ಕಳೊಂದಿಗರಾಗಿದ್ದರು. ಮಾವಂದಿರೆಲ್ಲ ಗಟ್ಟಿಮುಟ್ಟಾಗಿದ್ದರು. ಆ ಪಟ್ಟಿಯಲ್ಲಿ ಹನ್ನೊಂದನೆಯ ಹೆಸರು ಧನರಾಜಣ್ಣನ ಸೊಸೆಯದು. ಜ್ಯೋತ್ಸ್ನಾಳಿಗೆ ನಗು ಬರಬೇಕಿತ್ತು. ಬರಲಿಲ್ಲ. ಎದ್ದು ಬಾತ್‌ರೂಮಿಗೆ ಹೋಗಿ ಮುಖ ತೊಳೆದುಕೊಂಡಳು.

ಮಂಗಳವಾರ ಬೆಳಿಗ್ಗೆ ಆಫೀಸಿಗೆ ಹೋಗುವ ಮೊದಲು ಧನರಾಜರ ಹೋಟೆಲಿಗೆ ಹೋಗಿ ಎಲ್ಲವನ್ನೂ ಹೇಳಿದಳು, ಸೊಸೆಯ ವಿಷಯ ಒಂದನ್ನು ಬಿಟ್ಟು. ಅವರು ಇಡ್ಲಿ ವಡೆಯ ಪ್ಲೇಟನ್ನು ಅವಳ ಮುಂದೆ ತಳ್ಳಿ ತಲೆ ಕೆರೆದುಕೊಂಡರು.

"ಸರಿ ಮಾಡ್ಲಿಕ್ಕೆ ಆಗ್ತದಾ?"

"ನಿನ್ನೆಯೇ ಸರಿ ಮಾಡಿದೆ."

"ಮತ್ತೆ ಮುಗೀತಲ್ಲ! ಟೆನ್ಶನ್ ಎಂತಕ್ಕೆ?"

"ಅರುವತ್ತಮೂರು ಮನೆಗೆ ಹೇಳ್ಬೇಕಲ್ಲ ಧನರಾಜಣ್ಣ. ಅವರ ಮಕ್ಕಳಲ್ಲಿ ಎಂತದೂ ದೋಷ ಇರ್ಲಿಲ್ಲ ಅಂತ."

"ಹುಚ್ಚಾ ನಿನಗೆ ಮಾರಾಯ್ತಿ?" ಧನರಾಜ್ ಧ್ವನಿ ತಗ್ಗಿಸಿದರು. "ಬರುವ ತಿಂಗಳು ಸಂಘದ ಚುನಾವಣೆ ಉಂಟು. ಹೇಳಿದ್ರೆ ಅವರಿಗೆ ಕಳೆದುಹೋದ ಮೂರು ವರ್ಷ ವಾಪಸ್ ಬರ್ತದಾ? ನನ್ನ ಹೆಸರೂ ಹಾಳು, ನಿನ್ನದೂ ಹಾಳು. ನಿನ್ನ ಅಪ್ಪನ ಮುಖ ನೋಡಿ ಹೇಳ್ತೇನೆ, ಬಾಯಿ ಮುಚ್ಚಿ ಕೂತ್ಕೊ. ಅಕ್ಕಂದು ಹೇಗೂ ಫಿಕ್ಸ್ ಆಯ್ತಲ್ಲ."

ನಿಮ್ಮ ಸೊಸೆಯ ನಕ್ಷತ್ರ ಗೊತ್ತುಂಟಾ ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂತು. ಆ ಹುಡುಗಿ ಅದೇ ಹೊತ್ತಿಗೆ ಮಗುವನ್ನು ಸೊಂಟದ ಮೇಲೆ ಎತ್ತಿಕೊಂಡು ಬಂದು, ಮಾವನ ಬಿ.ಪಿ. ಮಾತ್ರೆಯನ್ನು ಮೇಜಿನ ಮೇಲಿಟ್ಟು, ಜ್ಯೋತ್ಸ್ನಾಳನ್ನು ನೋಡಿ ನಕ್ಕು ಒಳಗೆ ಹೋದಳು. ಜ್ಯೋತ್ಸ್ನಾ ಮಾತನ್ನು ನುಂಗಿಕೊಂಡು ಎದ್ದಳು. ಇಡ್ಲಿ ಹಾಗೇ ಉಳಿಯಿತು.

ಅಂದೇ ಅಕ್ಕನಿಗೆ ಹೇಳಬೇಕಿತ್ತು. ಹೇಳಲಿಲ್ಲ. ಅದಕ್ಕೊಂದು ಕಾರಣ ಅವಳ ಬಳಿ ತಯಾರಿತ್ತು. ನಕ್ಷತ್ರ ಸರಿಯಾಯಿತಲ್ಲ, ಎರಡು ಮೂರು ದಿನದಲ್ಲಿ ಒಳ್ಳೆಯ ಸಂಬಂಧಗಳು ಬಂದೇ ಬರುತ್ತವೆ, ಅವನ್ನು ಕೈಯಲ್ಲಿ ಹಿಡಿದುಕೊಂಡೇ ಹೇಳಿದರಾಯಿತು, ಶೇಖರನನ್ನು ಬಿಡುವುದೂ ಸುಲಭವಾಗುತ್ತದೆ ಎಂದುಕೊಂಡಳು. ತಪ್ಪು ಮಾಡಿದವರು ಉಡುಗೊರೆ ಹುಡುಕುವುದು ಹೀಗೆ.

ಬುಧವಾರ ಏನೂ ಬರಲಿಲ್ಲ. ಗುರುವಾರವೂ ಬರಲಿಲ್ಲ. ಶುಕ್ರವಾರ ತಡೆಯಲಾರದೆ ಅವಳು ಸರ್ವರಿನ ಹಳೆಯ ದಾಖಲೆಗಳನ್ನು ತೆಗೆದಳು. ಯಾರು ಯಾವ ದಿನ ಏನೇನು ಬೇಕೆಂದು ಹುಡುಕಿದರು ಎಂಬುದೆಲ್ಲ ಅಲ್ಲಿರುತ್ತದೆ. ಮೊದಲ ವರ್ಷದ ಹುಡುಕಾಟಗಳನ್ನು ಸರಿಯಾದ ನಕ್ಷತ್ರದೊಂದಿಗೆ ಇನ್ನೊಮ್ಮೆ ನಡೆಸಿ ನೋಡಿದಳು. ಸೇವಂತಿಯ ಹೆಸರು ನೂರ ನಲವತ್ತೊಂದು ಮನೆಗಳ ಪಟ್ಟಿಯಲ್ಲಿ ಬರಬೇಕಿತ್ತು. ಕಳೆದ ಒಂದು ವರ್ಷದ ಹುಡುಕಾಟಗಳನ್ನೂ ನಡೆಸಿ ನೋಡಿದಳು. ನಾಲ್ಕು ಮನೆ. ಉಳಿದ ಗಂಡಿನ ಕಡೆಯವರೆಲ್ಲ ವಯಸ್ಸಿನ ಜಾಗದಲ್ಲಿ ಮೂವತ್ತೈದರೊಳಗೆ ಎಂದು ಹಾಕಿದ್ದರು. ಮೂಲಾ ಎಂಬ ಸುಳ್ಳು ಬೇಲಿ ಹೋಗಿತ್ತು. ಅದು ಅಲ್ಲಿದ್ದಷ್ಟು ದಿನದಲ್ಲಿ ನಿಜವಾದ ಬೇಲಿಯೊಂದು ಎದ್ದುಬಿಟ್ಟಿತ್ತು. ಅದನ್ನು ತೆಗೆಯುವ ಸಾಲು ಯಾವ ಕೋಡಿನಲ್ಲೂ ಇರಲಿಲ್ಲ. ಕಾಂಜೂರಮಾರ್ಗದಿಂದ ಸಯನ್ನಿನವರೆಗೆ ಲೋಕಲ್ ರೈಲಿನ ಬಾಗಿಲ ಬಳಿ ನಿಂತು ಅವಳು ಅತ್ತಳು. ಲೇಡೀಸ್ ಡಬ್ಬಿಯಲ್ಲಿ ಅಳುವವರನ್ನು ಯಾರೂ ಏನೆಂದು ಕೇಳುವುದಿಲ್ಲ, ಜಾಗ ಮಾಡಿಕೊಡುತ್ತಾರೆ ಅಷ್ಟೆ.

ಶನಿವಾರ ಮಧ್ಯಾಹ್ನ ಚೆನ್ನಯ ಹೂವಿಗೆ ಹೇಳಿ ಬರಲು ಮಾಟುಂಗಕ್ಕೆ ಹೋದರು. ಸೇವಂತಿ ನಾಳೆಯ ಸೀರೆಗೆ ಇಸ್ತ್ರಿ ಹಾಕುತ್ತಿದ್ದಳು. ಕೆಲಸಕ್ಕೆ ರಾಜೀನಾಮೆ ಬರೆದಿಟ್ಟಿದ್ದಳು, ಸೋಮವಾರ ಕೊಡುವುದಿತ್ತು. ಜ್ಯೋತ್ಸ್ನಾ ಅಡುಗೆಮನೆಯ ಹೊಸಿಲಲ್ಲಿ ಕೂತು ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಮೊದಲು ಇಂಗ್ಲಿಷ್ ಶಬ್ದಗಳಲ್ಲಿ ಹೇಳಲು ಹೋದಳು, ಅಲ್ಲಿ ಅಡಗಿಕೊಳ್ಳಲು ಜಾಗ ಜಾಸ್ತಿ. ಅಕ್ಕ "ನನಗೆ ತಿಳಿಯುವ ಹಾಗೆ ಹೇಳು" ಅಂದ ಮೇಲೆ ಎಲ್ಲವನ್ನೂ ಬಿಡಿಸಿ ಹೇಳಬೇಕಾಯಿತು. ಸೇವಂತಿ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಸ್ವಿಚ್ ಆರಿಸಿದಳು.

"ಅಂದ್ರೆ ಅಮ್ಮ ಸುಳ್ಳು ಬರೆಸಿದ್ದಲ್ಲ."

"ಅಲ್ಲ ಅಕ್ಕ."

"ನನ್ನದು ಪೂರ್ವಾಷಾಢವೇ."

"ಹೌದು."

"ಸರಿ ಮಾಡ್ಲಿಕ್ಕೆ ಎಷ್ಟು ಹೊತ್ತು ಹಿಡೀತು ನಿನಗೆ?"

ಜ್ಯೋತ್ಸ್ನಾ ತಲೆ ತಗ್ಗಿಸಿದಳು. "ಹತ್ತು ನಿಮಿಷ."

ಸೇವಂತಿ ಇಸ್ತ್ರಿ ಮುಗಿದಿದ್ದ ಸೆರಗನ್ನು ಇನ್ನೊಮ್ಮೆ ಕೈಯಿಂದ ಸವರಿದಳು. ಬೈದರೆ ಒಳ್ಳೆಯದಿತ್ತು ಎಂದು ಜ್ಯೋತ್ಸ್ನಾಳಿಗೆ ಅನಿಸಿತು.

"ತಪ್ಪು ಎಲ್ಲರಿಗೂ ಆಗ್ತದೆ" ಎಂದಳು ಸೇವಂತಿ ಕೊನೆಗೆ. "ಲ್ಯಾಬಿನಲ್ಲಿ ನನಗೂ ಆಗಿದೆ. ಆದ್ರೆ ನೀನು ನೋಡದೇ ಬಿಟ್ಟದ್ದು ಪುರುಸೊತ್ತಿಲ್ಲದೆ ಅಲ್ಲ. ಇದೆಲ್ಲ ಮರುಳು ಜನರ ಕೆಲಸ ಅಂತ ಬಿಟ್ಟದ್ದು. ನೀನು ನಂಬುದಿಲ್ಲ ಅಂತ ನನಗೆ ಗೊತ್ತುಂಟು ಜ್ಯೋತ್ಸ್ನಾ. ನಾನು ನಂಬ್ತೇನೆ ಅಂತ ನಿನಗೂ ಗೊತ್ತಿತ್ತಲ್ಲ."

 ಅಕ್ಕ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು.

ಸೇವಂತಿ ಸೀರೆಯನ್ನು ಮಡಚಿಟ್ಟು, ಮೊಬೈಲ್ ತೆಗೆದುಕೊಂಡು, ತಂಗಿಯ ಎದುರಿಗೇ ಶೇಖರನಿಗೆ ಫೋನು ಮಾಡಿದಳು. ನಾಳೆ ಬರಬೇಡಿ ಎಂದಳು. ಆ ಕಡೆಯಿಂದ ಏನೋ ಜೋರಾಗಿ ಕೇಳಿತು. "ಇಲ್ಲ, ಬೇರೆ ಯಾರೂ ಬರ್ಲಿಲ್ಲ. ಇನ್ನು ಬರ್ಲಿಕ್ಕೂ ಇಲ್ಲ" ಎಂದಳು ಸೇವಂತಿ. "ನನ್ನಲ್ಲಿ ಎಂತದೋ ಕಮ್ಮಿ ಉಂಟು ಅಂತ ಹೆದರಿ ಒಪ್ಪಿದ್ದು. ಈಗ ಹೆದರಿಕೆ ಇಲ್ಲ. ನಿಮ್ಮ ಅಮ್ಮನಿಗೆ ಬೇಜಾರಾಗ್ತದೆ, ನಾನೇ ಒಮ್ಮೆ ಬಂದು ಮಾತಾಡ್ತೇನೆ." ಫೋನ್ ಇಟ್ಟು ತಂಗಿಯ ಕಡೆ ತಿರುಗಿದಳು.

"ಉಳಿದ ಅರುವತ್ತೆರಡು ಜನಕ್ಕೆ ಹೇಳಿದ್ಯಾ?"

"ಧನರಾಜಣ್ಣ ಬೇಡ ಅಂದ್ರು."

"ಧನರಾಜಣ್ಣನನ್ನು ನಾನು ಕೇಳ್ಲಿಲ್ಲ. ನಮ್ಮಲ್ಲಿ ರಿಪೋರ್ಟ್ ತಪ್ಪಾದ್ರೆ ಪೇಶಂಟಿಗೆ ಮೊದಲು ಫೋನ್ ಮಾಡುದು, ಮತ್ತೆ ಬೇರೆಲ್ಲ. ಪಟ್ಟಿ ತೆಗಿ. ನಂಬರ್ ನಾನು ಓದ್ತೇನೆ, ಮಾತಾಡುದು ನೀನು."

"ಅಕ್ಕ, ಅಪ್ಪನಿಗೆ ಅವರು ಎಷ್ಟು ಸಹಾಯ—"

"ತೆಗಿ."

ಜ್ಯೋತ್ಸ್ನಾ ಲ್ಯಾಪ್‌ಟಾಪ್ ತಂದು ಪಟ್ಟಿಯನ್ನು ತೆರೆದಳು. ಎರಡನೇ ಪಟ್ಟಿಯನ್ನು, ಬಚಾವಾದ ಸೊಸೆಯಂದಿರದ್ದನ್ನು, ಅವಳು ಸೋಮವಾರವೇ ಅಳಿಸಿಹಾಕಿದ್ದಳು. ಆ ವಾರ ಅವಳು ಮಾಡಿದ ಒಂದೇ ಒಳ್ಳೆಯ ಕೆಲಸ ಅದು.

ಸೇವಂತಿ ಮೊದಲ ನಂಬರ್ ಓದಿದಳು. ಥಾಣೆಯ ಮನೆ, ಹುಡುಗಿಯ ಹೆಸರು ಲಾವಣ್ಯಾ, ಮೂವತ್ತಮೂರು ವರ್ಷ. ತಾಯಿ ಫೋನೆತ್ತಿದರು. ಜ್ಯೋತ್ಸ್ನಾ ತನ್ನ ಹೆಸರು ಹೇಳಿದಳು, ವೆಬ್‌ಸೈಟ್ ಮಾಡಿದವಳು ತಾನೇ ಎಂದಳು. ನಿಮ್ಮ ಮಗಳ ನಕ್ಷತ್ರವನ್ನು ಮೂರು ವರ್ಷ ತಪ್ಪಾಗಿ ಆಶ್ಲೇಷಾ ಎಂದು ದಾಖಲಿಸಿದ್ದೆವು, ಅದಕ್ಕೇ ಸಂಬಂಧಗಳು ಬರಲಿಲ್ಲ, ತಪ್ಪು ನನ್ನದು ಎಂದಳು.

ಆ ಕಡೆ ಮೊದಲು ಟಿ.ವಿ.ಯ ಸದ್ದು ನಿಂತಿತು.

"ಅಂದ್ರೆ ನಮ್ಮ ಹುಡುಗಿಯಲ್ಲಿ ಎಂತದೂ ತೊಂದರೆ ಇರ್ಲಿಲ್ವಾ?"

"ಇರ್ಲಿಲ್ಲ ಆಂಟಿ."

"ನಾನು ಮೂರು ವರ್ಷ ಅವಳಿಗೆ ಬೈದದ್ದೇ ಬೈದದ್ದು" ಎಂದರು ಆ ತಾಯಿ. ಸಿಟ್ಟಿರಲಿಲ್ಲ, ಅದೇ ಕಷ್ಟವಾಯಿತು. "ನಗುದಿಲ್ಲ, ಸರಿಯಾಗಿ ನಿಲ್ಲುದಿಲ್ಲ, ಅದಕ್ಕೇ ಯಾರೂ ಬರುದಿಲ್ಲ ಅಂತ. ನಿನ್ನೆ ಸಹ ಬೈದೆ. ಒಂದು ನಿಮಿಷ ಇರು ಮಗಾ. ಅವಳು ಇಲ್ಲೇ ಇದ್ದಾಳೆ. ನನ್ನ ಬಾಯಿಂದ ಆಗ್ಲಿಕ್ಕಿಲ್ಲ, ನೀನೇ ಅವಳಿಗೆ ಹೇಳು."

ಫೋನ್ ಕೈ ಬದಲಾಯಿಸಿದ ಸದ್ದು ಕೇಳಿಸಿತು. ಜ್ಯೋತ್ಸ್ನಾ ಅಕ್ಕನ ಮುಖ ನೋಡಿದಳು. ಸೇವಂತಿ ಅವಳನ್ನು ನೋಡುತ್ತಿರಲಿಲ್ಲ, ಪಟ್ಟಿಯ ಎರಡನೇ ಹೆಸರಿನ ಮೇಲೆ ಬೆರಳಿಟ್ಟು ಕಾಯುತ್ತಿದ್ದಳು.

"ಹಲೋ" ಎಂದಿತು ಒಂದು ಹೆಣ್ಣುಧ್ವನಿ. "ಯಾರು?"